ಮೂವತ್ತೆಂಟನೇ ಸಭೆಯ ನಡವಳಿ

ಯೋಜನಾ ಸಚಿವಾಲಯದ ನಾಲ್ಕನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ನಡವಳಿ ಅಕ್ಕ ಎಂದೇ ಕರೆಯುತ್ತಿದ್ದರು. ಸಭೆಯಲ್ಲಿ ಯಾರು ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಎಂದು ಬರೆದಿಡುವ ಕಾಗದಕ್ಕೆ ಕಚೇರಿಯಲ್ಲಿ ನಡವಳಿ ಎನ್ನುತ್ತಾರೆ. ಅದನ್ನು ಬರೆಯುವುದು ಅವಳ ಕೆಲಸ. ಹನ್ನೆರಡು ವರ್ಷ ಅದನ್ನೇ ಬರೆದೂ ಬರೆದೂ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಅವಳಿದ್ದದ್ದು ಸುಸ್ಥಿರ ಅಭಿವೃದ್ಧಿ ಸಮನ್ವಯ ಸಮಿತಿಯ ಕಚೇರಿಯಲ್ಲಿ. ನೀರಾವರಿ, ಕೃಷಿ, ವಿದ್ಯುತ್, ಆರೋಗ್ಯ, ಪರಿಸರ ಈ ಐದು ಸಚಿವಾಲಯಗಳನ್ನು ನಾಲ್ಕು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರಿಸಿ, ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವದ ಹಾಗೆ, ಇವತ್ತಿನವರ ಅನುಕೂಲ ನಾಳೆಯವರ ಬಾಯಿಗೆ ಮಣ್ಣು ಹಾಕದ ಹಾಗೆ ನೋಡಿಕೊಳ್ಳುವುದು ಸಮಿತಿಯ ಉದ್ದೇಶ. ಉದ್ದೇಶ ದೊಡ್ಡದು, ಕಚೇರಿ ಚಿಕ್ಕದು. ಎರಡು ಮೇಜು, ಮೂರು ಬೀರು, ಅರ್ಧಕ್ಕೆ ನಿಂತು ಗೊರಗೊರ ಎನ್ನುವ ಒಂದು ಫ್ಯಾನು, ಲಿಫ್ಟಿನ ಬಾಗಿಲಿಗೆ ಎದುರಾಗಿ ಒಂದು ಕಿಟಕಿ. ಲಿಫ್ಟು ತೆರೆದಾಗಲೆಲ್ಲ ಯಾರು ಬಂದರು ಎಂದು ತಲೆ ಎತ್ತಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಅವಳು ಬರೆದ ನಡವಳಿಗೆ ಯಾರೂ ತಕರಾರು ತೆಗೆದದ್ದಿಲ್ಲ. ಹಾಗೆ ಬರೆಯುವುದು ಒಂದು ವಿದ್ಯೆ. ‘ಕೂಲಂಕಷವಾಗಿ ಚರ್ಚಿಸಲಾಯಿತು’, ‘ಪರಿಶೀಲಿಸಲು ತೀರ್ಮಾನಿಸಲಾಯಿತು’, ‘ಸಂಬಂಧಪಟ್ಟವರು ಸೂಕ್ತ ಕ್ರಮ ವಹಿಸುವುದು’. ಇಬ್ಬರು ಅಧಿಕಾರಿಗಳು ಮೇಜು ಗುದ್ದಿ ಕೂಗಾಡಿದ್ದರೂ ಅವಳ ಕೈಯಲ್ಲಿ ಅದು ‘ಉಪಯುಕ್ತ ಅಭಿಪ್ರಾಯ ವಿನಿಮಯ’ ಆಗುತ್ತಿತ್ತು. ಒಮ್ಮೆ ವಿದ್ಯುತ್ ಸಚಿವಾಲಯದವರೊಬ್ಬರು ಮುಖ ಊದಿಸಿಕೊಂಡು ಸಭೆಯ ನಡುವೆಯೇ ಎದ್ದು ಹೋದಾಗ ‘ಅನ್ಯ ಕಾರ್ಯನಿಮಿತ್ತ ತೆರಳಿದರು’ ಎಂದು ಬರೆದಿದ್ದಳು. ಮಾರನೆಯ ದಿನ ಅವರೇ ಫೋನು ಮಾಡಿ, “ಮಾನ ಉಳಿಸಿದ್ರಿ ಮೇಡಂ” ಎಂದಿದ್ದರು.

ಅವಳೇನು ಹುಟ್ಟಾ ಹೀಗಿದ್ದವಳಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಭೆಯ ಮಾತನ್ನು ಆಡಿದವರ ಹೆಸರು ಸಮೇತ, ಆಡಿದಂತೆಯೇ ಬರೆದಿದ್ದಳು. ಮೂರೇ ದಿನದಲ್ಲಿ ಅವಳನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಅಲ್ಲಿ ಮೂರು ವರ್ಷ ಹಳೆಯ ಕಡತಗಳ ಧೂಳು ಕುಡಿದು ಉಬ್ಬಸ ಹಚ್ಚಿಕೊಂಡು ಮೇಲೆ ಬಂದಳು. ಬಂದ ಮೇಲೆ ಅವಳ ವಾಕ್ಯಗಳಿಗೆ ಮೊನೆಯೇ ಇರಲಿಲ್ಲ.

ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಲಿಫ್ಟು ತೆರೆದು ಒಬ್ಬ ಹೆಂಗಸು ಹೊರಗೆ ಬಂದಳು. ನಲವತ್ತರ ಆಚೀಚಿನ ವಯಸ್ಸು, ಚಪ್ಪಲಿಯ ತುಂಬ ಧೂಳು, ಹೆಗಲಲ್ಲಿ ಬಟ್ಟೆಯ ಚೀಲ. ಅತ್ತಿತ್ತ ನೋಡಿ ನೇರ ಇವಳ ಮೇಜಿಗೇ ಬಂದು ನಿಂತಳು.

“ಸಮನ್ವಯ ಅಂದ್ರೆ ಇದೇ ಏನು ಮೇಡಂ?”

“ಹೌದು. ಯಾರು ಬೇಕಿತ್ತು?”

“ನನ್ನನ್ನ ಮೂರನೇ ಮಹಡಿಯವರು ಇಲ್ಲಿಗೆ ಕಳಿಸಿದ್ರು. ಮೂರನೇ ಮಹಡಿಗೆ ಎರಡನೇ ಮಹಡಿಯವರು ಕಳಿಸಿದ್ರು. ನೀವು ಇಲ್ಲ ಅಂದ್ರೆ ಇನ್ನು ಉಳಿದಿರೋದು ತಾರಸಿ ಮಾತ್ರ.”

ನಡವಳಿ ಅಕ್ಕನಿಗೆ ನಗು ಬಂತು. ಕುರ್ಚಿ ಎಳೆದು ಕೂರಿಸಿದಳು. ಬಂದವಳು ಹೊಳೆಯಂಚಿನ ಒಂದು ಊರಿನ ಚಿಕ್ಕ ಆಸ್ಪತ್ರೆಯಲ್ಲಿ ನರ್ಸು. ವಾರಕ್ಕೊಮ್ಮೆ ಬರುವ ಡಾಕ್ಟರನ್ನು ಬಿಟ್ಟರೆ ಅಲ್ಲಿ ಎಲ್ಲದಕ್ಕೂ ಅವಳೊಬ್ಬಳೇ. ಅವಳು ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟಳು. ಹದಿನಾಲ್ಕು ತಿಂಗಳಲ್ಲಿ ಬರೆದ ಏಳು ಪತ್ರಗಳು, ಅವುಗಳ ಮೇಲೆ ಐದು ಸಚಿವಾಲಯಗಳ ಮುದ್ರೆಗಳು. ಒಂದೊಂದರಲ್ಲೂ ‘ಮುಂದಿನ ಕ್ರಮಕ್ಕಾಗಿ’ ಎಂದು ಬರೆದು ಬಾಣದ ಗುರುತು ಹಾಕಿ ಪಕ್ಕದವರಿಗೆ ದಾಟಿಸಿದ್ದರು.

“ಬಾಯಲ್ಲೇ ಹೇಳ್ತೀನಿ ಕೇಳಿ ಮೇಡಂ. ನಮ್ಮೂರಿನವರು ಮುಂಚೆ ಜವುಗಿನಿಂದ ಕಾಲುವೆ ತೋಡಿ ತರಕಾರಿ ತೋಟಕ್ಕೆ ನೀರು ಹಾಯಿಸ್ತಿದ್ರು. ಜವುಗು ಒಣಗ್ತಿದೆ, ಹಕ್ಕಿ ಬರೋದು ನಿಂತುಹೋಯ್ತು ಅಂತ ಪರಿಸರದವರು ಕಾಲುವೆ ಮುಚ್ಚಿಸಿದ್ರು. ತಪ್ಪು ಅನ್ನೋಕಾಗಲ್ಲ. ಈಗ ಹಕ್ಕಿ ಬಂದಿವೆ, ನೋಡೋಕೂ ಚೆಂದ. ತೋಟಕ್ಕೆ ನೀರಿಲ್ಲ ಅಂತ ಕೃಷಿಯವರು ಪಂಪು ಕೊಟ್ರು, ನಲವತ್ತು ಪಂಪು. ಅದೂ ತಪ್ಪಲ್ಲ. ಪಂಪಿಗೆ ಅಂತ ವಿದ್ಯುತ್‌ನವರು ಬಿಸಿಲಿನ ಕರೆಂಟು ಧಾರಾಳ ಇರೋ ಹೊತ್ತಲ್ಲಿ, ಹತ್ತರಿಂದ ನಾಲ್ಕರ ತನಕ ಒಟ್ಟಿಗೆ ಲೈನು ಬಿಡ್ತಾರೆ. ಅವರದ್ದೂ ಒಳ್ಳೇ ಉದ್ದೇಶಾನೇ. ಈಗ ನಲವತ್ತು ಪಂಪು ಒಂದೇ ಸಲಕ್ಕೆ ನೆಲದಿಂದ ನೀರು ಎಳೆದ್ರೆ, ಹನ್ನೊಂದು ಗಂಟೆಗೆ ನಮ್ಮ ಆಸ್ಪತ್ರೆ ಕೊಳವೆ ಬಾವಿ ಬತ್ತುತ್ತೆ. ಆ ಬಾವಿ ಕೊರೆಸಿದ್ದು ಆರೋಗ್ಯದವರು, ಹೊಳೆ ನೀರು ಕುಡಿದು ಮಕ್ಕಳಿಗೆ ವಾಂತಿಭೇದಿ ಆಗುತ್ತೆ ಅಂತ. ಇಡೀ ಊರು ಕುಡಿಯೋದು ಅದೇ ನೀರು. ಅದು ಬತ್ತಿದ್ರೆ ಜನ ಮತ್ತೆ ಕೊಡ ಹಿಡಿದು ಹೊಳೆಗೇ ಹೋಗ್ತಾರೆ.”

“ಇದು ಸಮಿತಿಯ ಮುಂದೆ ಬಂದಿದೆ ಸಿಸ್ಟರ್. ನನಗೆ ನೆನಪಿದೆ,” ಎಂದು ನಡವಳಿ ಅಕ್ಕ ಬೀರುವಿನಿಂದ ಕಡತ ತೆಗೆದಳು. ಮೂವತ್ತೈದನೇ ಸಭೆಯ ನಡವಳಿ, ಒಂಬತ್ತನೇ ವಿಷಯ. ಹೊಳೆಯಂಚಿನ ಊರಿನ ಕುಡಿಯುವ ನೀರಿನ ಬಗ್ಗೆ ಕೂಲಂಕಷವಾಗಿ ಚರ್ಚಿಸಲಾಯಿತು. ಸಂಬಂಧಪಟ್ಟ ಸಚಿವಾಲಯಗಳು ಪರಸ್ಪರ ಸಮನ್ವಯದಿಂದ ಸೂಕ್ತ ಕ್ರಮ ವಹಿಸುವುದು.

ನರ್ಸು ಅದನ್ನು ಎರಡು ಸಲ ಓದಿದಳು.

“ಇದನ್ನ ಬರೆದೋರು ಯಾರು?”

“ನಾನೇ.”

“ಬರವಣಿಗೆ ಚೆನ್ನಾಗಿದೆ. ಆದ್ರೆ ಇದರಲ್ಲಿ ಯಾರೂ ಇಲ್ವಲ್ಲ ಮೇಡಂ. ಚರ್ಚಿಸಲಾಯಿತು, ಕ್ರಮ ವಹಿಸುವುದು. ಯಾರು ಚರ್ಚಿಸಿದ್ರು, ಯಾರು ವಹಿಸಬೇಕು? ನಾನು ಊರಿಗೆ ಹೋಗಿ ಯಾರ ಹೆಸರು ಹೇಳಲಿ?”

ನಡವಳಿ ಅಕ್ಕ ಕಡತ ಮುಚ್ಚಿದಳು.

“ಹೋದ ಬೇಸಿಗೇಲಿ ಮೂವತ್ತೊಂದು ಮಕ್ಕಳು ವಾಂತಿಭೇದಿಗೆ ಅಂತ ಆಸ್ಪತ್ರೆಗೆ ಬಂದ್ರು,” ಎಂದಳು ನರ್ಸು. ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಮೂವತ್ತು ಮಕ್ಕಳು ಉಳಿದ್ರು.”

ಅವಳು ಹೋದ ಮೇಲೆ ನಡವಳಿ ಅಕ್ಕ ಪತ್ರಗಳನ್ನು ಒಂದೊಂದಾಗಿ ಓದಿದಳು. ಐದನೆಯ ಪತ್ರದಲ್ಲಿ ಆ ಮಗು ತೀರಿಕೊಂಡ ದಿನಾಂಕವಿತ್ತು. ಅದು ಮೂವತ್ತೈದನೇ ಸಭೆಗೂ ಮೂವತ್ತಾರನೇ ಸಭೆಗೂ ನಡುವೆ ಬರುತ್ತಿತ್ತು. ಮೂವತ್ತಾರನೇ ನಡವಳಿಯನ್ನು ತೆಗೆದು ನೋಡಿದಳು. ‘ಒಂಬತ್ತನೇ ವಿಷಯ: ಸಮಯಾಭಾವದಿಂದ ಮುಂದಿನ ಸಭೆಗೆ ಮುಂದೂಡಲಾಯಿತು.’ ಮೂವತ್ತೇಳರಲ್ಲೂ ಅದೇ ಸಾಲು. ಅದೂ ಅವಳದೇ ಅಕ್ಷರ.

ಸಂಜೆ ಮನೆಗೆ ಹೋದಾಗ ಗಂಡ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ಬೆನ್ನು ಕೆಟ್ಟು ನಿವೃತ್ತಿ ತೆಗೆದುಕೊಂಡ ಮೇಲೆ ಅಡುಗೆ ಅವನ ಪಾಲಿಗೆ ಬಂದಿತ್ತು. ಅವನ ತಾಯಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಕಿವಿ ಮಂದವಾದರೂ ಯಾವ ಮಾತನ್ನೂ ಬಿಡದೆ ಕೇಳಿಸಿಕೊಳ್ಳುವ ಪ್ರಯತ್ನದಲ್ಲಿದ್ದರು. ಅವಳು ಚೀಲ ಕೆಳಗಿಡದೆಯೇ ನಡೆದದ್ದನ್ನೆಲ್ಲ ಹೇಳಿದಳು.

“ಏನಂತೆ?” ಎಂದರು ಅತ್ತೆ.

“ನೀರಿಲ್ಲದೆ ಒಂದು ಮಗು ಹೋಯ್ತಂತೆ ಅತ್ತೆ. ಒಂದು ಊರಲ್ಲಿ.”

“ಅಯ್ಯೋ. ಯಾರ ಮಗು? ಗಂಡೋ, ಹೆಣ್ಣೋ?”

ಅವಳು ಗಂಡನ ಮುಖ ನೋಡಿದಳು. ಪತ್ರದಲ್ಲಿ ಅದಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ.

“ಗೊತ್ತಿಲ್ಲ ಅತ್ತೆ.”

“ಕೇಳಬೇಕಿತ್ತಲ್ಲೇ,” ಎಂದು ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದರು.

ಊಟ ಮುಗಿದ ಮೇಲೆ ಗಂಡ ಕೇಳಿದ, “ಈಗ ಏನು ಮಾಡಬೇಕು ಅಂತಿದ್ದೀಯ?”

“ಈ ಸಲ ಇದ್ದದ್ದನ್ನ ಇದ್ದ ಹಾಗೆ ಬರೆದುಬಿಡೋಣ ಅಂತ. ಪಿಂಚಣಿಗೆ ಇನ್ನೂ ಎರಡು ವರ್ಷ ಇದೆ ರೀ. ಮತ್ತೆ ನೆಲಮಾಳಿಗೆಗೆ ಹಾಕಿದ್ರೆ?”

ಅವನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ. “ಹಾಕಿದ್ರೆ ಮೂಗಿಗೆ ಬಟ್ಟೆ ಕಟ್ಟಿಕೋ. ಉಬ್ಬಸದ ಔಷಧಿ ಎರಡು ಇಟ್ಕೋ, ಮೇಜಲ್ಲೊಂದು, ಚೀಲದಲ್ಲೊಂದು. ಬರೆಯದೇ ಇದ್ರೆ ಆಗೋ ಉಬ್ಬಸಕ್ಕೆ ನನ್ನ ಹತ್ರ ಔಷಧಿ ಇಲ್ಲ ಕಣೇ. ನಿನ್ನ ಮುಖ ನೋಡಿದ್ರೇ ಗೊತ್ತಾಗ್ತಿದೆ.”

ಮೂವತ್ತೆಂಟನೇ ಸಭೆ ಮುಂದಿನ ವಾರವಿತ್ತು. ಉದ್ದನೆಯ ಮೇಜು, ಅದರ ಮೇಲೆ ಕೆಲವು ಮಾತ್ರ ಕೆಲಸ ಮಾಡುವ ಮೈಕುಗಳು, ತಟ್ಟೆಗಳಲ್ಲಿ ಬಿಸ್ಕತ್ತು. ಸಮಿತಿಯ ಅಧ್ಯಕ್ಷರು ಸೊರಗಿದ ಮೈಯ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಆಮೇಲೆ ಅದನ್ನೇ ಹುಡುಕುವ ಹಿರಿಯ ಅಧಿಕಾರಿ. ಒಂಬತ್ತನೇ ವಿಷಯ ಬಂದಾಗ ಹನ್ನೆರಡೂವರೆ ಆಗಿತ್ತು, ಎಲ್ಲರ ಕಣ್ಣೂ ಗಡಿಯಾರದ ಮೇಲೆ.

ಆರೋಗ್ಯದ ಡಾಕ್ಟರು, “ಬಾವಿ ಕೊರೆಸೋದು ನಮ್ಮ ಕೆಲಸ, ಕೊರೆಸಿದ್ದೀವಿ. ನೀರನ್ನ ನಾವು ತಯಾರು ಮಾಡೋಕಾಗಲ್ಲ,” ಎಂದರು.

ಕೃಷಿಯ ಜಂಟಿ ಕಾರ್ಯದರ್ಶಿ ಗಟ್ಟಿ ಗಂಟಲಿನ ಮನುಷ್ಯ. ಅವರಿಗೆ ಮೈಕು ಬೇಕಿರಲಿಲ್ಲ. “ಪಂಪು ವಾಪಸ್ ತಗೋ ಅಂತೀರಾ? ಆ ನಲವತ್ತು ಮನೆಯವರು ತಿನ್ನೋದೇನು? ಕರೆಂಟು ಸರದಿ ಮೇಲೆ ಬಿಟ್ರೆ ಎಲ್ಲ ಸರಿಹೋಗುತ್ತೆ.”

“ಯಾವ ಪಂಪು ಎಲ್ಲಿದೆ ಅಂತ ಪಟ್ಟಿಯೇ ನಮಗೆ ಕೊಟ್ಟಿಲ್ಲ. ಸರದಿ ಮಾಡೋದು ಹೇಗೆ?” ಎಂದಳು ವಿದ್ಯುತ್ ಸಚಿವಾಲಯದ ಇಂಜಿನಿಯರ್, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

“ಜವುಗಿನ ಒಂದು ಹನಿಯನ್ನೂ ಮುಟ್ಟೋ ಹಾಗಿಲ್ಲ. ಅದಷ್ಟು ಸ್ಪಷ್ಟವಾಗಿರಲಿ,” ಎಂದರು ಪರಿಸರದ ಮೇಡಂ.

ನೀರಾವರಿಯ ಹಿರಿಯ ಇಂಜಿನಿಯರ್ ಏನೂ ಹೇಳಲಿಲ್ಲ. ಅವರು ಸಾಮಾನ್ಯವಾಗಿ ಏನೂ ಹೇಳುತ್ತಿರಲಿಲ್ಲ. ಕೇಳಿದರೆ ಉತ್ತರ ಕೊಡುತ್ತಿದ್ದರು, ಆದರೆ ಯಾರೂ ಕೇಳುತ್ತಿರಲಿಲ್ಲ.

ಅಧ್ಯಕ್ಷರು ಕೈಗಡಿಯಾರ ನೋಡಿ, “ಸರಿ, ಎಂದಿನ ಹಾಗೆ ಬರೆದುಬಿಡಿ,” ಎಂದು ಕಡತ ಮುಚ್ಚಿದರು.

ಹನ್ನೆರಡು ವರ್ಷದಲ್ಲಿ ಸಭೆಯ ನಡುವೆ ಅವಳು ಬಾಯಿ ತೆರೆದವಳಲ್ಲ. ಈಗ ಪೆನ್ನು ಕೆಳಗಿಟ್ಟಳು.

“ಸಾರ್, ಒಂದು ಸಣ್ಣ ಸಂದೇಹ. ಸೂಕ್ತ ಕ್ರಮ ವಹಿಸುವುದು ಅಂತ ಬರೀತೀನಿ. ಯಾರು ಅಂತ ಬರೆಯಲಿ?”

ಕೃಷಿಯವರು ಬಿಸ್ಕತ್ತು ಮುರಿಯುತ್ತಿದ್ದವರು ಕೈ ತಡೆದರು. ಅಧ್ಯಕ್ಷರ ಕೈ ಹಣೆಯ ಮೇಲಿನ ಕನ್ನಡಕಕ್ಕೆ ಹೋಯಿತು.

“ಸಂಬಂಧಪಟ್ಟವರು ಅಂತ ಹಾಕಮ್ಮ.”

“ಹಾಕ್ತೀನಿ ಸಾರ್. ಇಲ್ಲಿ ಐದು ಜನ ಇದ್ದಾರೆ. ಅವರಲ್ಲಿ ಸಂಬಂಧಪಟ್ಟವರು ಯಾರು ಅಂತ ಹೇಳಿದ್ರೆ ಆವರಣದಲ್ಲಿ ಸೇರಿಸಿಬಿಡ್ತೀನಿ.”

ಡಾಕ್ಟರು ಕೃಷಿಯವರ ಕಡೆ ನೋಡಿದರು, ಕೃಷಿಯವರು ವಿದ್ಯುತ್‌ನವಳ ಕಡೆ, ಅವಳು ಲ್ಯಾಪ್‌ಟಾಪಿನ ಕಡೆ. ಅಧ್ಯಕ್ಷರು “ಊಟದ ಹೊತ್ತಾಯ್ತು” ಎಂದರು. ಎಲ್ಲರೂ ಎದ್ದರು.

ಅವಳು ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಬರೆಯಲು ಕೂತಳು. ಕೈ ತಾನೇ ತಾನಾಗಿ ‘ಕೂಲಂಕಷವಾಗಿ’ ಎಂದು ಶುರುಮಾಡಿತು. ಹೊಡೆದು ಹಾಕಿದಳು. ಆಮೇಲೆ ಬರೆದದ್ದು ಹೀಗಿತ್ತು:

‘ಒಂಬತ್ತನೇ ವಿಷಯ. ಹೊಳೆಯಂಚಿನ ಊರಿನ ಕುಡಿಯುವ ನೀರಿನ ಬಾವಿ ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಬತ್ತುತ್ತದೆ. ಇದರಿಂದ ಹೋದ ಬೇಸಿಗೆಯಲ್ಲಿ ಮೂವತ್ತೊಂದು ಮಕ್ಕಳು ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಈ ವಿಷಯವನ್ನು ಹನ್ನೆರಡು ನಿಮಿಷ ಚರ್ಚಿಸಿದೆವು. ಬಾವಿ ಕೊರೆಸಿ ತಮ್ಮ ಕೆಲಸ ಮುಗಿದಿದೆ ಎಂದು ಆರೋಗ್ಯ ಸಚಿವಾಲಯದವರು ಹೇಳಿದರು. ಕರೆಂಟು ಸರದಿಯಲ್ಲಿ ಬಿಟ್ಟರೆ ಸಾಕು ಎಂದು ಕೃಷಿಯವರು ಹೇಳಿದರು. ಪಂಪುಗಳ ಪಟ್ಟಿ ಇಲ್ಲದೆ ಸರದಿ ಆಗದು ಎಂದು ವಿದ್ಯುತ್‌ನವರು ಹೇಳಿದರು. ಜವುಗಿನ ನೀರು ಮುಟ್ಟಬಾರದು ಎಂದು ಪರಿಸರದವರು ಹೇಳಿದರು. ನೀರಾವರಿಯವರನ್ನು ಯಾರೂ ಏನೂ ಕೇಳಲಿಲ್ಲ. ಹೊಣೆ ಯಾರದು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.’

ಕರಡು ನಡವಳಿಯನ್ನು ಎಲ್ಲ ಸದಸ್ಯರಿಗೂ ಕಳಿಸಬೇಕು, ಏಳು ದಿನದೊಳಗೆ ತಿದ್ದುಪಡಿ ಬರದಿದ್ದರೆ ಅವರು ಒಪ್ಪಿದಂತೆ ಎಂಬ ನಿಯಮವಿತ್ತು. ಅವಳು ನಿಯಮದಂತೆ ಐದು ಕಡೆಗೂ ಕಳಿಸಿದಳು, ಅಧ್ಯಕ್ಷರಿಗೂ ಒಂದು ಪ್ರತಿ. ಆಮೇಲೆ ನೀರು ಕುಡಿದಳು.

ಮಾರನೆಯ ದಿನ ಹತ್ತು ಗಂಟೆಯಿಂದ ಫೋನು ಕೆಳಗಿಡಲು ಬಿಡುವಿರಲಿಲ್ಲ.

“ಇದೇನು ಮೇಡಂ ಇದು? ನಾನು ಹಾಗೆ ಹೇಳಿದ್ದು ನಿಜ. ಆದ್ರೆ ಅದನ್ನ ಬರೆಯೋದೇ?” ಎಂದರು ಆರೋಗ್ಯದ ಡಾಕ್ಟರು.

“ತಪ್ಪಿದ್ರೆ ತಿದ್ದಿ ಕಳಿಸಿ ಸಾರ್. ಇನ್ನೂ ಆರು ದಿನ ಇದೆ.”

“ತಪ್ಪಿಲ್ಲ ಅಂತಾನೇ ಹೇಳ್ತಿದ್ದೀನಲ್ಲ. ನಮ್ಮ ಮಂತ್ರಿಗಳು ಓದಿದ್ರೆ ಏನು ತಿಳ್ಕೋತಾರೆ? ಹೊಣೆ ಜಾರಿಸಿಕೊಂಡ ಹಾಗಿದೆ.”

“ಹಾಗಾದ್ರೆ ಏನು ಹೇಳಿದ್ರೆ ಜಾರಿಸಿಕೊಂಡ ಹಾಗಿರಲ್ಲ ಅನ್ನೋದನ್ನ ಬರೆದು ಕಳಿಸಿ. ನಾನು ಅದನ್ನೇ ಹಾಕ್ತೀನಿ.”

ಅವಳು ಎಲ್ಲರಿಗೂ ಅದನ್ನೇ ಹೇಳಿದಳು. ಧ್ವನಿ ಎತ್ತರಿಸಲಿಲ್ಲ. ಸಿಟ್ಟಿನಿಂದ ಮಾತಾಡಿದವರಿಗೂ “ಆಯ್ತು ಸಾರ್” ಎಂದಳು.

ಎರಡನೆಯ ದಿನ ಮೊದಲ ತಿದ್ದುಪಡಿ ಬಂತು, ಯಾರೂ ನಿರೀಕ್ಷಿಸದ ಕಡೆಯಿಂದ. ನೀರಾವರಿಯ ಹಿರಿಯ ಇಂಜಿನಿಯರ್ ಒಂದೇ ಸಾಲು ಬರೆದಿದ್ದರು: ‘ಆ ಊರಿನ ಅಂತರ್ಜಲ ಮಟ್ಟವನ್ನು ಒಂಬತ್ತು ವರ್ಷದಿಂದ ತಿಂಗಳಿಗೊಂದು ದಿನ, ಗಂಟೆಗೊಮ್ಮೆ ಅಳೆದು ಇಟ್ಟಿದ್ದೇವೆ, ಬೇಕಾದವರಿಗೆ ಕೊಡುತ್ತೇವೆ.’ ಜೊತೆಗೆ ಹನ್ನೊಂದು ಪುಟದ ಅಂಕಿಅಂಶ. ಅವಳು ಫೋನು ಮಾಡಿದಳು.

“ಸಾರ್, ಇದು ಇಷ್ಟು ವರ್ಷದಿಂದ ನಿಮ್ಮ ಹತ್ರ ಇತ್ತಾ?”

“ಇತ್ತು.”

“ಸಭೆಯಲ್ಲಿ ಹೇಳಬಹುದಿತ್ತಲ್ಲ.”

ಆ ಕಡೆಯಿಂದ ಒಂದು ಸಣ್ಣ ನಗು ಕೇಳಿಸಿತು. “ಹೇಳಬೇಕು ಅಂತ ಅನ್ನಿಸ್ತಿತ್ತು. ನಾನು ಬಾಯಿ ತೆರೆಯೋ ಹೊತ್ತಿಗೆ ಊಟದ ಹೊತ್ತಾಗಿಬಿಡ್ತಿತ್ತು.”

ಆ ಅಂಕಿಗಳನ್ನು ನೋಡಿದರೆ ವಿಷಯ ಸ್ಪಷ್ಟವಾಗಿತ್ತು. ಪಂಪುಗಳು ನಿಂತ ಮೇಲೆ ಬಾವಿಗೆ ಮತ್ತೆ ನೀರು ಬರುತ್ತಿತ್ತು. ನೀರು ಇಲ್ಲದ್ದಲ್ಲ, ಎಲ್ಲರೂ ಒಂದೇ ಹೊತ್ತಿಗೆ ಎಳೆಯುತ್ತಿದ್ದದ್ದೇ ತೊಂದರೆ. ಅವಳು ಆ ಹನ್ನೊಂದು ಪುಟವನ್ನು ಉಳಿದ ನಾಲ್ವರಿಗೂ ಕಳಿಸಿದಳು. ಅದನ್ನು ನೋಡಿದ ಮೇಲೆ ವಿದ್ಯುತ್‌ನ ಇಂಜಿನಿಯರ್ ತನ್ನ ಸಾಲನ್ನು ತಿದ್ದಿದಳು: ಕೃಷಿಯವರು ಪಟ್ಟಿ ಕೊಟ್ಟರೆ, ಪಟ್ಟಿ ಕೈಸೇರಿದ ಹದಿನೈದು ದಿನದಲ್ಲಿ ಎರಡು ಸರದಿಯಲ್ಲಿ ಲೈನು ಬಿಡುತ್ತೇವೆ. ಪರಿಸರದ ಮೇಡಂ ನಾಲ್ಕು ಸಾಲು ಹೊಡೆದು, ಮತ್ತೆ ಬರೆದು, ಕೊನೆಗೆ ಹೀಗೆ ನಿಲ್ಲಿಸಿದರು: ಮಳೆಗಾಲದಲ್ಲಿ ಜವುಗು ತುಂಬಿ ಹೊರಹರಿಯುವ ನೀರನ್ನು ಮಾತ್ರ ಬಾವಿಯ ಪಕ್ಕದ ತೋಟಗಳಿಗೆ ಬಿಡಬಹುದು. ಡಾಕ್ಟರು, ಬಾವಿಯ ಕೊಳವೆಯನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತೇವೆ, ಎತ್ತರದಲ್ಲಿ ಒಂದು ತೊಟ್ಟಿ ಕಟ್ಟಿಸುತ್ತೇವೆ ಎಂದರು. ‘ಯಾರೂ ಉತ್ತರ ಕೊಡಲಿಲ್ಲ’ ಎಂಬ ವಾಕ್ಯದಡಿ ತನ್ನ ಸಚಿವಾಲಯ ಇರಬಾರದು ಎನ್ನುವುದಷ್ಟೇ ಮೊದಮೊದಲು ಅವರೆಲ್ಲರ ಚಿಂತೆಯಾಗಿತ್ತು. ಆದರೆ ತಪ್ಪಿಸಿಕೊಳ್ಳಲು ಬರೆಯುತ್ತಾ ಹೋದಂತೆ ಅವರಿಗೇ ಕೆಲಸದ ದಾರಿ ಕಾಣುತ್ತಿತ್ತು.

ಕೃಷಿಯವರಿಂದ ಮಾತ್ರ ಏನೂ ಬರಲಿಲ್ಲ. ಆರನೆಯ ದಿನ ಲಿಫ್ಟು ತೆರೆಯಿತು. ಜಂಟಿ ಕಾರ್ಯದರ್ಶಿಯವರೇ ಬಂದಿದ್ದರು, ಒಬ್ಬರೇ. ಅವಳು ಎದ್ದು ನಿಂತಳು.

“ಕೂತ್ಕೋಮ್ಮ,” ಎಂದು ತಾವೂ ಕೂತರು. ಸಭೆಯಲ್ಲಿ ಕೇಳಿಸುತ್ತಿದ್ದ ಗಂಟಲು ಎಲ್ಲೋ ಹೋಗಿತ್ತು. “ನಿನ್ನ ಮೇಲೆ ನನಗೆ ತುಂಬ ಸಿಟ್ಟು ಬಂದಿತ್ತು. ಈಗಲೂ ಇದೆ.”

“ಗೊತ್ತು ಸಾರ್.”

“ನಾನೂ ತರಕಾರಿ ಬೆಳೆಯೋರ ಮನೆಯವನೇ. ನಮ್ಮಪ್ಪ ಹೆಗಲ ಮೇಲೆ ನೀರು ಹೊತ್ತು ಗಿಡ ಉಳಿಸ್ತಿದ್ದ. ಕೊನೆಗಾಲದಲ್ಲಿ ಅವನ ಹೆಗಲು ಒಂದು ಕಡೆ ವಾಲಿಹೋಗಿತ್ತು. ಆ ಊರಿಗೆ ಪಂಪು ಕೊಟ್ಟ ದಿನ ನಾನೇ ಹೋಗಿದ್ದೆ. ಒಬ್ಬ ಮುದುಕ ಪಂಪಿನ ಮೇಲೆ ಕೈ ಇಟ್ಟು ಅತ್ತುಬಿಟ್ಟ. ಈಗ ನಾನು ಪಟ್ಟಿ ಕೊಟ್ರೆ ಅವನ ಲೈನು ಕಡಿತಾರೆ ಅಂತ ಅವನು ತಿಳ್ಕೋತಾನೆ.”

ಅವಳು ಅವರ ಮುಂದೆ ನೀರಿನ ಲೋಟ ಇಟ್ಟಳು. “ಕಡಿಯಲ್ಲ ಸಾರ್. ನೀರಾವರಿಯವರ ಲೆಕ್ಕ ನೋಡಿ. ಇಪ್ಪತ್ತು ಪಂಪು ಬೆಳಿಗ್ಗೆ, ಇಪ್ಪತ್ತು ಮಧ್ಯಾಹ್ನ. ನೀರಾವರಿಯವರು ಹೇಳೋ ಪ್ರಕಾರ ಒಂದು ಪಂಪಿಗೆ ಮೂರು ಗಂಟೆ ಸಾಕು, ಎಲ್ಲರೂ ಒಟ್ಟಿಗೆ ಎಳೆಯೋದ್ರಿಂದಲೇ ಆರು ಗಂಟೆ ಓಡಿಸಬೇಕಾಗಿರೋದು. ತೋಟದವರಿಗೆ ಅದನ್ನ ನೀವೇ ಹೋಗಿ ಹೇಳಿದ್ರೆ ನಂಬ್ತಾರೆ. ಪಂಪು ಕೊಟ್ಟೋರು ನೀವೇ ಅಲ್ವಾ?”

ಅವರು ಬಹಳ ಹೊತ್ತು ಕಾಗದ ನೋಡಿದರು. “ಆ ಮಗುವಿನ ವಿಷಯ ನನಗೆ ಗೊತ್ತೇ ಇರಲಿಲ್ಲಮ್ಮ. ನಿಜವಾಗಲೂ.”

“ನನಗೂ ಗೊತ್ತಿರಲಿಲ್ಲ ಸಾರ್. ಆ ಊರಿನ ಕಡತ ನನ್ನ ಬೀರುವಿನಲ್ಲೇ ಇತ್ತು.”

ಇಬ್ಬರೂ ಸೇರಿ ಅವರ ಸಾಲನ್ನು ಬರೆದರು. ‘ಪಟ್ಟಿಯನ್ನು ಮೂರು ವಾರದಲ್ಲಿ ಕೊಡುತ್ತೇವೆ, ತೋಟದವರೊಂದಿಗೆ ನಾನೇ ಮಾತಾಡುತ್ತೇನೆ.’ ‘ನಾನೇ’ ಎಂಬ ಪದ ನಡವಳಿಯಲ್ಲಿ ಬರಬಹುದೇ ಎಂದು ಅವರಿಗೆ ಅನುಮಾನ. ಬರಬಾರದು ಎಂದು ಎಲ್ಲೂ ಇಲ್ಲ ಎಂದಳು ಅವಳು.

ಏಳನೆಯ ದಿನ ಅಧ್ಯಕ್ಷರು ಕರೆಸಿದರು. ಅವಳು ಉಬ್ಬಸದ ಔಷಧಿಯನ್ನು ಒಮ್ಮೆ ಉಸಿರಿನಲ್ಲಿ ಎಳೆದುಕೊಂಡು ಹೋದಳು. ಅವರ ಮೇಜಿನ ಮೇಲೆ ತಿದ್ದಿದ ನಡವಳಿ ಇತ್ತು.

“ಇದಕ್ಕೆ ನಾನು ಸಹಿ ಹಾಕಿದ್ರೆ ಮುಂದಿನ ಸಭೆಯಿಂದ ಎಲ್ಲದಕ್ಕೂ ಹೀಗೇ ಕೇಳ್ತಾರೆ. ಯಾರು, ಎಂದು, ಎಷ್ಟು ದಿನದಲ್ಲಿ. ಆಮೇಲೆ ಸಭೆಗೆ ಯಾರು ಬರ್ತಾರೆ ಹೇಳಿ?”

“ಬರದೇ ಇದ್ರೆ ಬರಲಿಲ್ಲ ಅಂತ ಬರೀತೀನಿ ಸಾರ್.”

ಅವರ ತುಟಿಯ ಅಂಚಿನಲ್ಲಿ ಏನೋ ಸುಳಿಯಿತು. ನಗುವೋ ಬೇಸರವೋ ಅವಳಿಗೆ ತಿಳಿಯಲಿಲ್ಲ. “ಹೆಸರುಗಳನ್ನ ತೆಗೆದು ಕೊಡಿ. ಉಳಿದದ್ದು ಇರಲಿ.”

“ಕ್ಷಮಿಸಿ ಸಾರ್. ಹೆಸರು ತೆಗೆದ್ರೆ ಉಳಿಯೋದು ಏನೂ ಇಲ್ಲ. ಬೇರೆ ಯಾರ ಕೈಯಲ್ಲಾದರೂ ಬರೆಸಿ. ನಾನು ಬರೆದ ಮೂವತ್ತೇಳು ನಡವಳಿಗಳನ್ನ ಮನೆಯಲ್ಲಿ ಓದಿ ತೋರಿಸೋ ಹಾಗಿಲ್ಲ. ಇದೊಂದು ಇರಲಿ.”

ಅವರು ಕನ್ನಡಕ ಹುಡುಕಿದರು. ಅದು ಹಣೆಯ ಮೇಲಿದೆ ಎಂದು ಅವಳು ಹೇಳಬೇಕಾಯಿತು. ಹಾಕಿಕೊಂಡು ಇನ್ನೊಮ್ಮೆ ಮೊದಲಿಂದ ಓದಿದರು. ‘ಒಂದು ಮಗು ತೀರಿಕೊಂಡಿತು’ ಎನ್ನುವ ಕಡೆ ಅವರ ಬೆರಳು ನಿಂತಿತು.

“ಹನ್ನೆರಡು ನಿಮಿಷ ಅಂತ ಬರೆದಿದ್ದೀರಿ. ನೋಡಿಕೊಂಡಿದ್ರಾ?”

“ನೋಡಿಕೊಂಡಿದ್ದೆ ಸಾರ್.”

ಸಹಿ ಹಾಕಿದರು. ಆದರೆ ಮೂರು ತಿಂಗಳಲ್ಲಿ ಅವಳ ವರ್ಗಾವಣೆಯ ಆದೇಶವೂ ಬಂತು, ಅದಕ್ಕೂ ಅವರದೇ ಸಹಿ. ನೆಲಮಾಳಿಗೆಗೆ ಅಲ್ಲ. ಹೊಳೆಯಂಚಿನ ಊರಿನ ಕೆಲಸ ಮುಗಿಯುವ ತನಕ ಐದು ಸಚಿವಾಲಯಗಳ ನಡುವೆ ಓಡಾಡಲು ಒಬ್ಬರು ಬೇಕು, ಅದಕ್ಕೆ ಇವರೇ ಸರಿ ಎಂದು ಬರೆದಿದ್ದರು. ಶಿಕ್ಷೆಯೋ ಬಡ್ತಿಯೋ ಎಂದು ಕಚೇರಿಯಲ್ಲಿ ಒಂದು ವಾರ ವಾದ ನಡೆಯಿತು. ಅವಳ ಹಳೆಯ ಕುರ್ಚಿಗೆ ಬಂದವನು ಎರಡನೇ ಸಭೆಯ ಹೊತ್ತಿಗೇ ‘ಕೂಲಂಕಷವಾಗಿ’ ಎಂದು ಬರೆಯಲು ಕಲಿತಿದ್ದ ಎಂಬ ಸುದ್ದಿ ಬಂತು. ಕೇಳಿ ಅವಳಿಗೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ.

ಊರಿನ ಕೆಲಸ ಕಾಗದದಲ್ಲಿದ್ದಷ್ಟು ಸಲೀಸಾಗಿ ಆಗಲಿಲ್ಲ. ಪಟ್ಟಿ ಮೂರು ವಾರದ ಬದಲು ಏಳು ವಾರಕ್ಕೆ ಬಂತು. ಮಧ್ಯಾಹ್ನದ ಸರದಿಯವರು ಬೆಳಗಿನವರ ಮೇಲೆ ಮುನಿಸಿಕೊಂಡರು. ತೊಟ್ಟಿ ಕಟ್ಟಲು ತೋರಿಸಿದ ಜಾಗ ಜವುಗಿನ ಗಡಿಯೊಳಗೆ ಎರಡು ಮೊಳ ಬರುತ್ತದೆ ಎಂದು ಪರಿಸರದವರು ಕೆಲಸ ನಿಲ್ಲಿಸಿದರು. ಅದನ್ನು ಬಿಡಿಸುವಷ್ಟರಲ್ಲಿ ಬೇಸಿಗೆ ಅರ್ಧ ಕಳೆದಿತ್ತು. ಆದರೂ ಆ ಬೇಸಿಗೆಯಲ್ಲಿ ಬಾವಿ ಹನ್ನೊಂದಕ್ಕೆ ಬತ್ತಲಿಲ್ಲ. ಆರು ಮಕ್ಕಳು ಕಾಯಿಲೆ ಬಿದ್ದರು, ಆರೂ ಮಕ್ಕಳು ಉಳಿದರು.

ತಿಂಗಳಿಗೊಮ್ಮೆ ಎಲ್ಲರೂ ಅಲ್ಲಿಗೇ ಹೋಗಿ ಕೂರುವುದು ಎಂದು ತೀರ್ಮಾನವಾಯಿತು. ಊರಲ್ಲಿ ಅಷ್ಟು ಜನ ಕೂರಲು ಇದ್ದ ಜಾಗ ಆಸ್ಪತ್ರೆಯ ಜಗಲಿಯೊಂದೇ. ನಾಲ್ಕನೆಯ ಸಲ ಹೋದಾಗ ಜಗಲಿ ಕಿಕ್ಕಿರಿದಿತ್ತು. ಒಂದು ಕಡೆ ಆರೋಗ್ಯ ಸಚಿವಾಲಯದ ಡಾಕ್ಟರು, ಪರಿಸರದ ಮೇಡಂ, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡ ಇಂಜಿನಿಯರ್. ಇನ್ನೊಂದು ಕಡೆ ತೋಟದವರ ಮುಖಂಡ ಮತ್ತು ಅವನ ಹಿಂದೆ ಹದಿನೈದು ಜನ. ಮಧ್ಯಾಹ್ನದ ಸರದಿಯನ್ನು ಅರ್ಧ ಗಂಟೆ ಮುಂಚೆ ಶುರುಮಾಡಬೇಕು ಎಂದು ಮುಖಂಡ ಪಟ್ಟು ಹಿಡಿದಿದ್ದ. ಕೃಷಿಯವರು ಅವನ ಪರ. ನೀರಾವರಿಯ ಹಿರಿಯ ಇಂಜಿನಿಯರ್, ಒಂಬತ್ತು ವರ್ಷದ ಮೌನವನ್ನೆಲ್ಲ ಒಂದೇ ಸಲ ತೀರಿಸಿಕೊಳ್ಳುವವರಂತೆ, “ಆಗಲ್ಲ ಅಂದ್ರೆ ಆಗಲ್ಲ, ಅಂಕಿ ನೋಡಿ” ಎಂದು ತೊಡೆ ತಟ್ಟುತ್ತಿದ್ದರು. ಕೃಷಿಯವರ ಗಂಟಲು ಏರಿತು. ಮುಖಂಡನದೂ ಏರಿತು.

ಬಾಗಿಲು ತೆರೆದು ನರ್ಸು ಹೊರಗೆ ತಲೆ ಹಾಕಿದಳು.

“ಒಳಗೆ ಹೆರಿಗೆ ಆಗಿ ಒಂದು ಗಂಟೆ ಆಗಿಲ್ಲ. ತಾಯಿ ಮಗು ಇಬ್ಬರೂ ಈಗ ತಾನೇ ನಿದ್ದೆ ಹೋಗಿದ್ದಾರೆ. ಜಗಳ ಆಡಬೇಡಿ ಅನ್ನಲ್ಲ. ಮೆಲ್ಲಗೆ ಆಡಿ.”

ಬಾಗಿಲು ಮುಚ್ಚಿತು. ಐದು ಸಚಿವಾಲಯಗಳ ಅಧಿಕಾರಿಗಳೂ ಹದಿನಾರು ಜನ ತೋಟದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೃಷಿಯವರು ಮೊದಲು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಚಾಪೆಯ ಮೇಲೆ ಮುಂದಕ್ಕೆ ಸರಿದು, ಮುಖಂಡನ ಕಿವಿಯ ಹತ್ತಿರ ಬಾಗಿದರು.

“ಇಪ್ಪತ್ತು ನಿಮಿಷ ಅಂದ್ರೆ ಒಪ್ತೀಯೇನಪ್ಪ?” ಎಂದು ಪಿಸುಗುಟ್ಟಿದರು.

“ನೀರಿನ ಸಾಹೇಬರನ್ನ ಕೇಳಿ,” ಎಂದು ಅವನೂ ಪಿಸುಗುಟ್ಟಿದ.

ಎಲ್ಲರೂ ನೀರಾವರಿಯವರ ಕಡೆ ತಿರುಗಿದರು. ಅವರು ಕನ್ನಡಕ ಸರಿಮಾಡಿಕೊಂಡು, ಅಂಕಿಯ ಹಾಳೆಯ ಮೇಲೆ ಬೆರಳಿಟ್ಟು, ಸದ್ದಾಗದ ಹಾಗೆ ಎಣಿಸತೊಡಗಿದರು. ನಡವಳಿ ಅಕ್ಕ ಗೋಡೆಗೆ ಒರಗಿ ಕಾಯುತ್ತಾ ಕೂತಳು.